ಮೊಟ್ಟೆಗೆ ಮುಂಚಿನ ದಿನಗಳು

ಕೋಳಿಯ ವಿಷಯವಾಗಿ ಮಾತನಾಡಲು ಕನ್ನಡ ಅಧ್ಯಾಪಕನಿಗೆ ಏನು ಅಧಿಕಾರವಿದೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅದು ನ್ಯಾಯವಾದ ಸಂದೇಹವೇ ಸರಿ. ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನಾನು ಪ್ರಸ್ತಾಪಿಸಿದ ಕೋಳಿಯೆಂದರೆ ಜನ್ನನ ಯಶೋಧರ ಚರಿತೆಯ ಹಿಟ್ಟಿನ ಕೋಳಿ ಒಂದೇ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳು ಹಲವು ಜನ್ಮಗಳಲ್ಲಿ ಅಲೆದು ತಾವೇ ಕೋಳಿಗಳಾಗಿಯೂ ಹುಟ್ಟುತ್ತಾರೆ. ಹಿಟ್ಟಿನ ಕೋಳಿಗೆ ಕಾಳು ಹಾಕಬೇಕಾಗಿಲ್ಲ, ಗೂಡು ಕಟ್ಟಬೇಕಾಗಿಲ್ಲ. ಅದರ ವಿಚಾರದಲ್ಲಿ ಎಷ್ಟು ಬೇಕಾದರೂ ಪಾಂಡಿತ್ಯ ತೋರಿಸಬಹುದು. ಜೀವವುಳ್ಳ ಕೋಳಿಗಳು ನನ್ನ ಹಿತ್ತಿಲಿಗೆ ಬಂದದ್ದು ನಿವೃತ್ತಿಯ ತರುವಾಯ. ಅವು ನನಗೆ ಒಂದು ಪಾಠವನ್ನು ಸ್ವಲ್ಪ ಕಠಿಣವಾಗಿಯೇ ಕಲಿಸಿದವು. ಆ ಪಾಠವನ್ನು ನಿಮ್ಮ ಮುಂದಿಡುವುದಷ್ಟೇ ಈ ಮಾತುಗಳ ಉದ್ದೇಶ.

ಕೋಳಿಯ ವಿಚಾರ ಬಂದಾಗ ಜನ ಸಾಮಾನ್ಯವಾಗಿ ಎರಡು ಘಟ್ಟಗಳನ್ನು ಕುರಿತು ಮಾತನಾಡುತ್ತಾರೆ. ಒಂದು, ಹೂವಿನಂಥ ಮರಿಗಳು ಚಿಂವ್‌ಗುಟ್ಟುತ್ತ ತಾಯಿಯ ಹಿಂದೆ ಓಡುವ ಘಟ್ಟ. ಇನ್ನೊಂದು, ಬುಟ್ಟಿಯಲ್ಲಿ ಮೊಟ್ಟೆ ಸಿಗುವ ಘಟ್ಟ. ಇವೆರಡರ ನಡುವೆ ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ಒಂದು ದೀರ್ಘವಾದ ಕಾಲವುಂಟು. ಆಗ ಆ ಹಕ್ಕಿ ಮುದ್ದು ಮಾಡುವ ಮರಿಯೂ ಅಲ್ಲ, ಫಲ ಕೊಡುವ ಕೋಳಿಯೂ ಅಲ್ಲ. ಉದ್ದ ಕಾಲು, ಬಡಕಲು ಕತ್ತು, ಅರ್ಧ ಉದುರಿ ಅರ್ಧ ಹುಟ್ಟಿದ ಗರಿ; ನೋಡಲು ಅಂದವಿಲ್ಲ, ತಿನ್ನುವುದು ಮಾತ್ರ ಬಹಳ. ಈ ಕಾಲದಲ್ಲಿಯೇ ಮನೆಯವರ ಅಕ್ಕರೆ ಕಡಿಮೆಯಾಗುತ್ತದೆ. ಕೋಳಿಯ ಮುಂದಿನ ಬಾಳು ನಿರ್ಣಯವಾಗುವುದೂ ಈ ಕಾಲದಲ್ಲಿಯೇ.

ಹೆಣ್ಣುಕೋಳಿಗೆ ನಮ್ಮಲ್ಲಿ ಹೇಂಟೆ ಎಂಬ ಒಳ್ಳೆಯ ಹೆಸರಿದೆ. ಹಳಗನ್ನಡದ ಪಕಾರ ಮುಂದೆ ಹಕಾರವಾದ ಸಂಗತಿ ನಿಮಗೆ ತಿಳಿದದ್ದೇ. ಪೆಣ್ ಎಂಬುದು ಹೆಣ್ಣಾಯಿತು. ಆ ಮನೆತನಕ್ಕೇ ಸೇರಿದ ಮಾತು ಹೇಂಟೆ. ತಮಿಳಿನ ಪೆಟ್ಟೈ, ತೆಲುಗಿನ ಪೆಟ್ಟ ಇದರ ಒಡಹುಟ್ಟುಗಳು. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇದು ಹ್ಯಾಟೆ ಎಂದೂ ಯಾಟೆ ಎಂದೂ ಸವೆದುಕೊಂಡಿದೆ. ಇನ್ನೂ ಮೊಟ್ಟೆ ಇಡದ ಎಳೆಯ ಹೇಂಟೆಯೇ ಈ ದಿನದ ನನ್ನ ವಿಷಯ.

ಇದನ್ನು ನಾನು ಮೊದಲು ನೋಡಿದ್ದು ನನ್ನ ಅವ್ವನ ಹಿತ್ತಿಲಿನಲ್ಲಿ. ಮಂಡ್ಯದ ಕಡೆಯ ಒಂದು ಸಣ್ಣ ಊರು. ಮಳೆ ನಂಬಿದ ಎರಡು ಎಕರೆ ಹೊಲ. ರಾಗಿ ಅಪ್ಪನದು, ಹಾಲು ಮನೆಯದು. ಕೋಳಿ ಮಾತ್ರ ಅವ್ವನದು. ಮೊಟ್ಟೆ ಮಾರಿ ಬಂದ ಚಿಲ್ಲರೆ ಅವಳ ಸೊಂಟದ ಎಲೆ ಅಡಿಕೆಯ ಚೀಲಕ್ಕೆ ಸೇರುತ್ತಿತ್ತು. ಅದಕ್ಕೆ ಯಾರೂ ಲೆಕ್ಕ ಕೇಳುವಂತಿರಲಿಲ್ಲ. ನಮ್ಮ ಸ್ಲೇಟು ಬಳಪ, ತಂಗಿಯ ಬಳೆ, ಅಜ್ಜಿಯ ಕಷಾಯದ ಸಾಮಾನು ಎಲ್ಲವೂ ಆ ಚೀಲದಿಂದ ಹೊರಬರುತ್ತಿದ್ದವು. ನಮ್ಮ ನಾಡಿನ ಲಕ್ಷಾಂತರ ಮನೆಗಳಲ್ಲಿ ಹೆಂಗಸಿನ ಕೈಗೆ ನೇರವಾಗಿ ಸಿಕ್ಕಿದ ಹಣವೆಂದರೆ ಬಹುಶಃ ಕೋಳಿಮೊಟ್ಟೆಯ ಹಣವೇ.

ನಾಟಿ ಕೋಳಿ ವರ್ಷಕ್ಕೆ ಇಡುವ ಮೊಟ್ಟೆಗಳು ಐವತ್ತರಿಂದ ಎಂಬತ್ತು. ಅದನ್ನೂ ಒಂದೇ ಸಮನೆ ಇಡುವುದಿಲ್ಲ. ಹದಿನೈದು ಇಪ್ಪತ್ತು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ ಕಾವು ಕೊಟ್ಟು, ಮರಿಗಳನ್ನು ಸಾಕಿ, ಮತ್ತೆ ಮೊಟ್ಟೆಗೆ ಬರುತ್ತದೆ. ಹೀಗಿರುವಾಗ ಮೊಟ್ಟೆಗೆ ಬರಲಿರುವ ಎಳೆಯ ಹೇಂಟೆಯ ಬೆಲೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಆ ಹೇಂಟೆಗೆ ಶತ್ರುಗಳೂ ಆಗಲೇ ಹೆಚ್ಚು. ನಾಯಿ, ಮುಂಗುಸಿ, ಹದ್ದು ಇವುಗಳ ಮಾತಲ್ಲ, ಮನುಷ್ಯರ ಮಾತು. ಇನ್ನೂ ಮೊಟ್ಟೆ ಇಡದ ಹೇಂಟೆಯ ಸಾರಿನ ರುಚಿ ಬಲ್ಲವರೇ ಬಲ್ಲರು. ನೆಂಟರು ಬಂದರೆ, ಯುಗಾದಿಯ ಮರುದಿನ ಹೊಸತೊಡಕು ಬಂದರೆ, ಮನೆಯ ಗಂಡಸರ ಕಣ್ಣು ಬೀಳುತ್ತಿದ್ದುದು ಅದರ ಮೇಲೆಯೇ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಕೋಳಿಯನ್ನು ಸಾಕಿದವಳನ್ನೂ ಕೇಳುತ್ತಿರಲಿಲ್ಲ ಎಂಬುದನ್ನು ಆ ಗಾದೆ ಹೇಳುವುದಿಲ್ಲ.

ನಾನು ಎಸ್‌ಎಸ್‌ಎಲ್‌ಸಿಯಲ್ಲಿದ್ದ ವರ್ಷ, ಧನುರ್ಮಾಸದ ಚಳಿಯಲ್ಲಿ, ಪರೀಕ್ಷೆಯ ಶುಲ್ಕ ಕಟ್ಟುವ ದಿನ ಬಂದಿತು. ಆ ಸಲ ರಾಗಿ ಕೈಕೊಟ್ಟಿತ್ತು. ಅವ್ವನ ಹತ್ತಿರ ಆಷಾಢದಲ್ಲಿ ಒಡೆದ ಮರಿಗಳ ಪೈಕಿ ಐದು ಹೇಂಟೆಗಳು ಬೆಳೆದು ನಿಂತಿದ್ದವು. ಒಂದೂ ಮೊಟ್ಟೆ ಇಟ್ಟಿರಲಿಲ್ಲ. ಊರೂರು ತಿರುಗಿ ಕೋಳಿ ಕೊಳ್ಳುವ ವ್ಯಾಪಾರಿ ಬಂದು ಐದಕ್ಕೂ ಒಳ್ಳೆಯ ಬೆಲೆ ಹೇಳಿದ. ಶುಲ್ಕ ತೀರಿ ಇನ್ನಷ್ಟು ಉಳಿಯುತ್ತಿತ್ತು. ಕೊಟ್ಟುಬಿಡು ಎಂದು ನಾನು ಹಟ ಹಿಡಿದೆ. ಅವ್ವ ಒಂದು ಹೇಂಟೆಯನ್ನು ಹಿಡಿದು, ಅದರ ಬಾಲದ ಕೆಳಗೆ ಬೆರಳಿಟ್ಟು ನೋಡಿ, ಕೆಳಗೆ ಬಿಟ್ಟು ಹೇಳಿದಳು: “ಅವಸ್ರ ಯಾಕ್ಲಾ ಮಗ? ಅದ್ರ ಒಡಲು ಬಲೀಬೇಕು. ಸಂಕ್ರಾಂತಿ ಕಳೀಲಿ, ಅದೇ ಇಕ್ತದೆ.” ಪಕ್ಕದ ಮನೆಯ ಅತ್ತೆಯಲ್ಲಿ ಸಾಲ ತಂದು ನನ್ನ ಶುಲ್ಕ ಕಟ್ಟಿದಳು. ಸಂಕ್ರಾಂತಿ ಕಳೆದ ಎರಡನೆಯ ವಾರದಲ್ಲಿ ಮೊದಲನೆಯ ಹೇಂಟೆ ಮೊಟ್ಟೆ ಇಟ್ಟಿತು. ಯುಗಾದಿಯ ಹೊತ್ತಿಗೆ ಐದೂ ಇಡುತ್ತಿದ್ದವು. ಸಾಲವನ್ನು ಅವ್ವ ಹಣವಾಗಿ ತೀರಿಸಲಿಲ್ಲ, ಮೊಟ್ಟೆಯಾಗಿಯೇ ತೀರಿಸಿದಳು. ಹೇಂಟೆಗಳು ಉಳಿದವು, ನನ್ನ ಓದೂ ಉಳಿಯಿತು.

ಈ ಕಥೆಯನ್ನು ನಾನು ಹತ್ತಾರು ಕಡೆ ಹೇಳಿದ್ದೇನೆ. ಆದರೆ ಹೇಳುವುದು ಬೇರೆ, ಅದರಿಂದ ಕಲಿಯುವುದು ಬೇರೆ ಎಂಬುದು ತಿಳಿದದ್ದು ನನ್ನದೇ ಹಿತ್ತಿಲಿನಲ್ಲಿ.

ಮೈಸೂರಿನ ಹೊರವಲಯದಲ್ಲಿ ಮನೆ ಮಾಡಿದ ಮೇಲೆ ಎಂಟು ಗಿರಿರಾಜ ಹೇಂಟೆಮರಿಗಳನ್ನು ತಂದೆ. ಗಿರಿರಾಜ ಎಂಬುದು ಹಿತ್ತಿಲಿನಲ್ಲಿ ಸಾಕುವವರಿಗಾಗಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ. ಬಣ್ಣಬಣ್ಣದ ಗರಿ, ಗಟ್ಟಿ ಮೈ. ವರ್ಷಕ್ಕೆ ನೂರಮೂವತ್ತರಿಂದ ನೂರೈವತ್ತು ಮೊಟ್ಟೆ ಇಡುತ್ತದೆಂದು ಹೇಳುತ್ತಾರೆ. 2005ರಲ್ಲಿ ಅಲ್ಲಿಂದಲೇ ಸ್ವರ್ಣಧಾರ ಎಂಬ ಇನ್ನೊಂದು ತಳಿ ಬಂದಿತು. ಹೈದರಾಬಾದಿನಿಂದ ಬಂದ ವನರಾಜ, ಗ್ರಾಮಪ್ರಿಯ ತಳಿಗಳೂ ಉಂಟು. ಮರಿಗಳು ಚೆನ್ನಾಗಿಯೇ ಬೆಳೆದವು. ಮೂರೂವರೆ ತಿಂಗಳಾದಾಗ ನನಗೆ ಆತುರ ಹುಟ್ಟಿತು. ಮೊಟ್ಟೆ ಇಡುವ ಕೋಳಿಗೆ ಹಾಕುವ ಸುಣ್ಣಾಂಶ ಹೆಚ್ಚಿರುವ ತಿಂಡಿಯನ್ನು ಆಗಲೇ ಹಾಕತೊಡಗಿದೆ. ಬೆಳಕು ಹೆಚ್ಚಿದರೆ ಬೇಗ ಮೊಟ್ಟೆಗೆ ಬರುತ್ತವೆ ಎಂದು ಎಲ್ಲಿಯೋ ಓದಿದ್ದೆ. ಗೂಡಿನಲ್ಲಿ ರಾತ್ರಿ ಹತ್ತರವರೆಗೆ ವಿದ್ಯುದ್ದೀಪ ಉರಿಸಿದೆ. ಓದಿದ್ದು ಸುಳ್ಳಾಗಲಿಲ್ಲ. ನಾಲ್ಕೂವರೆ ತಿಂಗಳಿಗೇ ಪಾರಿವಾಳದ ಮೊಟ್ಟೆಗಿಂತ ತುಸು ದೊಡ್ಡದಾದ ಒಂದು ಮೊಟ್ಟೆ ಸಿಕ್ಕಿತು. ಮನೆಯಾಕೆಯ ಮುಂದೆ ಬಹಳ ಜಂಬ ಕೊಚ್ಚಿಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಎಲ್ಲಕ್ಕಿಂತ ಮುಂಚೆ ಮೊಟ್ಟೆ ಇಟ್ಟ ಆ ಸಣ್ಣ ಹೇಂಟೆಯೇ ಸತ್ತು ಬಿದ್ದಿತ್ತು. ಮೊಟ್ಟೆ ಹೊರದೂಡುವಾಗ ಒಳಗಿನ ಮೊಟ್ಟೆನಾಳವೇ ಜಾರಿ ಹೊರಗೆ ಬಂದಿತ್ತು. ಕೆಂಪನ್ನು ಕಂಡ ಉಳಿದ ಕೋಳಿಗಳು ಅದನ್ನು ಕುಕ್ಕಿ ಕುಕ್ಕಿ ಕೊಂದಿದ್ದವು. ನೋಡಬಾರದಂಥ ನೋಟ ಅದು. ಪಶುವೈದ್ಯರನ್ನು ಕರೆದು ತೋರಿಸಿದೆ. ಅವರು ನನ್ನ ತಿಂಡಿಯ ಚೀಲವನ್ನೂ ದೀಪವನ್ನೂ ನೋಡಿ ಹೇಳಿದರು: “ಸಾರ್, ಇದಕ್ಕೆ ರೋಗವೇನೂ ಇರಲಿಲ್ಲ. ಮೈ ಬಲಿಯುವ ಮುಂಚೆ ಮೊಟ್ಟೆಗೆ ತಂದಿದ್ದೀರಿ.” ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ ಒಡಲು ಬಲಿಯಬೇಕೆಂದು ನಲವತ್ತೈದು ವರ್ಷಗಳಿಗೂ ಹಿಂದೆ ಅವ್ವ ಆಡಿದ ಮಾತೇ ಅವರ ಬಾಯಲ್ಲಿಯೂ ಬಂದಿತು. ಅದನ್ನು ಕೇಳಿ ನಾಚಿಕೆಯಾಯಿತು.

ಒಡಲು ಬಲಿಯುವುದೆಂದರೆ ಏನು? ಆಮೇಲೆ ನಾನು ಕೇಳಿ, ಓದಿ, ಕಣ್ಣಾರೆ ನೋಡಿ ತಿಳಿದುಕೊಂಡದ್ದನ್ನು ಸಂಗ್ರಹವಾಗಿ ಹೇಳುತ್ತೇನೆ.

ಹೇಂಟೆಮರಿ ಚಿಪ್ಪೊಡೆದು ಬರುವಾಗಲೇ ತನ್ನ ಜೀವಮಾನದ ಮೊಟ್ಟೆಗಳ ಬೀಜಗಳನ್ನೆಲ್ಲ ಹೊತ್ತು ತಂದಿರುತ್ತದೆ. ಅವು ಸಾವಿರಾರು. ಬಲಗಡೆಯ ಅಂಡಾಶಯ ಬೆಳೆಯದೆ ಉಳಿದುಬಿಡುತ್ತದೆ. ಎಡಗಡೆಯದೊಂದೇ ಕೆಲಸ ಮಾಡುವುದು. ಆದುದರಿಂದ ಮೊಟ್ಟೆಯನ್ನು ಉಂಟುಮಾಡುವ ಹೊಣೆ ನಮ್ಮದಲ್ಲ. ಆ ಬೀಜಗಳು ಹಣ್ಣಾಗುವ ಕಾಲಕ್ಕೆ ಅವನ್ನು ಹೊರುವ ಮೈಯನ್ನು ಸಿದ್ಧವಾಗಿರಿಸುವುದಷ್ಟೇ ಸಾಕುವವನ ಹೊಣೆ.

ಮೊಟ್ಟೆಯ ಚಿಪ್ಪು ಸುಮಾರು ಐದು ಗ್ರಾಮು ತೂಗುತ್ತದೆ. ಅದು ಬಹುಮಟ್ಟಿಗೆ ಸುಣ್ಣವೇ. ಅದರಲ್ಲಿರುವ ಕ್ಯಾಲ್ಸಿಯಂ ಎರಡು ಗ್ರಾಮಿನಷ್ಟು. ಒಂದು ಮೊಟ್ಟೆ ರೂಪುಗೊಳ್ಳಲು ಬೇಕಾದ ಸುಮಾರು ಇಪ್ಪತ್ತೈದು ಗಂಟೆಗಳಲ್ಲಿ ಇಪ್ಪತ್ತು ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಕೆಲಸದ ಬಹುಭಾಗ ನಡೆಯುವುದು ರಾತ್ರಿ, ಕೋಳಿ ತಿನ್ನದೆ ಮಲಗಿರುವಾಗ. ಹಾಗಾದರೆ ಸುಣ್ಣ ಎಲ್ಲಿಂದ ಬರಬೇಕು? ಪ್ರಕೃತಿ ಇದಕ್ಕೆ ಆಶ್ಚರ್ಯಕರವಾದ ಏರ್ಪಾಡು ಮಾಡಿದೆ. ಮೊದಲ ಮೊಟ್ಟೆಗೆ ಹತ್ತು ಹದಿನಾಲ್ಕು ದಿನ ಮುಂಚೆ ಹೇಂಟೆಯ ಉದ್ದನೆಯ ಎಲುಬುಗಳ ಟೊಳ್ಳಿನೊಳಗೆ ಇನ್ನೊಂದು ಬಗೆಯ ಎಲುಬು ಬೆಳೆಯತೊಡಗುತ್ತದೆ. ಎಲುಬಿನೊಳಗೊಂದು ಎಲುಬು, ಒಂದು ಕಣಜ ಎನ್ನಿರಿ. ಹಗಲು ತಿಂದ ಸುಣ್ಣ ಅಲ್ಲಿ ಸೇರುತ್ತದೆ, ರಾತ್ರಿ ಅಲ್ಲಿಂದ ಚಿಪ್ಪಿಗೆ ಹೋಗುತ್ತದೆ. ಈ ಕಣಜ ಕಟ್ಟುವ ಮುಂಚೆಯೇ ಮೊಟ್ಟೆಗೆ ದೂಡಿದರೆ ಹಕ್ಕಿ ತನ್ನ ನಿಜವಾದ ಎಲುಬನ್ನೇ ಕರಗಿಸಿ ಚಿಪ್ಪಿಗೆ ಕೊಡುತ್ತದೆ.

ಹಾಗೆಂದು ಮೂರು ತಿಂಗಳಿಂದಲೇ ಸುಣ್ಣ ತಿನ್ನಿಸಿದರೆ ಒಳ್ಳೆಯದಲ್ಲವೆ ಎಂದು ನಾನು ತಿಳಿದದ್ದೇ ತಪ್ಪಾದದ್ದು. ಬೆಳೆಯುವ ಹೇಂಟೆಯ ತಿಂಡಿಯಲ್ಲಿ ನೂರಕ್ಕೆ ಒಂದು ಭಾಗ ಕ್ಯಾಲ್ಸಿಯಂ ಇದ್ದರೆ ಸಾಕು. ಮೊಟ್ಟೆ ಇಡುವ ಕೋಳಿಯ ತಿಂಡಿಯಲ್ಲಿ ಅದು ಮೂರೂವರೆಯಿಂದ ನಾಲ್ಕು ಭಾಗವಿರುತ್ತದೆ. ಬಳಕೆಗೆ ಬಾರದ ಸುಣ್ಣವನ್ನು ಹೊರಹಾಕುವ ಭಾರ ಎಳೆಯ ಮೂತ್ರಪಿಂಡಗಳ ಮೇಲೆ ಬಿದ್ದು ಅವು ಕೆಡುತ್ತವೆ. ಸರಿಯಾದ ಕ್ರಮವೆಂದರೆ, ಮೊಟ್ಟೆಗೆ ಬರುವವರೆಗೆ ಬೆಳೆಯುವ ಕೋಳಿಯ ತಿಂಡಿಯನ್ನೇ ಕೊಡುವುದು. ಜುಟ್ಟು ಕೆಂಪೇರಿದಾಗ ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬೋಗುಣಿಯಲ್ಲಿಡುವುದು. ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ, ಬೇಡದ್ದು ಮೂಸಿಯೂ ನೋಡುವುದಿಲ್ಲ. ಮೊದಲ ಮೊಟ್ಟೆ ಸಿಕ್ಕಿದ ಮೇಲೆ ತಿಂಡಿಯನ್ನು ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ಅಡಿಗೆಮನೆಯ ಮೊಟ್ಟೆಚಿಪ್ಪನ್ನೂ ಒಣಗಿಸಿ ಕೊಡಬಹುದು. ಆದರೆ ನುಣ್ಣಗೆ ಪುಡಿಮಾಡಿ ಕೊಡಬೇಕು. ಇಲ್ಲದಿದ್ದರೆ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವ ಚಟವನ್ನು ನಾವೇ ಕಲಿಸಿದಂತಾಗುತ್ತದೆ.

ತಿಂಡಿಯ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಪ್ರೀತಿ ಹೆಚ್ಚಾಗಿ ಅಕ್ಕಿ, ಜೋಳದ ನುಚ್ಚು, ಉಳಿದ ಅನ್ನ ಇವನ್ನೇ ಸುರಿಯುವ ಮನೆಗಳುಂಟು. ಇವುಗಳಿಂದ ಹೇಂಟೆಗೆ ಕೊಬ್ಬು ಬರುತ್ತದೆ, ಮೈ ಬಲಿಯುವುದಿಲ್ಲ. ಕೊಬ್ಬಿದ ಹೇಂಟೆಗೂ ಮೊಟ್ಟೆನಾಳ ಜಾರುವ ಅಪಾಯವಿದೆ. ನೂರಕ್ಕೆ ಹದಿನಾರು ಭಾಗದಷ್ಟು ಸಸಾರಜನಕ ತಿಂಡಿಯಲ್ಲಿರಬೇಕು. ರಾಗಿ ಜೋಳದ ಜೊತೆಗೆ ಕಡಲೆಕಾಯಿ ಹಿಂಡಿ, ನುಗ್ಗೆಸೊಪ್ಪು, ಅಗಸೆಸೊಪ್ಪು, ತಿಪ್ಪೆ ಕೆದಕಿ ಸಿಗುವ ಹುಳುಹುಪ್ಪಟೆ ಇವೆಲ್ಲ ಸೇರಬೇಕು. ತಿಪ್ಪೆ ಕೆದಕುವುದನ್ನು ನಾವು ಹೀನವೆಂದು ಭಾವಿಸುತ್ತೇವೆ. ಕೋಳಿಗೆ ಅದು ಊಟವೂ ಹೌದು, ವ್ಯಾಯಾಮವೂ ಹೌದು. ಶುದ್ಧವಾದ ನೀರು ದಿನವಿಡೀ ಇರಬೇಕು. ತಿನ್ನುವುದರ ಎರಡರಷ್ಟು ತೂಕದ ನೀರನ್ನು ಕೋಳಿ ಕುಡಿಯುತ್ತದೆ.

ಇನ್ನು ಬೆಳಕು. ಕೋಳಿಯ ಪೂರ್ವಿಕ ಕಾಡುಕೋಳಿ. ಹಗಲು ದೀರ್ಘವಾಗುತ್ತ ಹೋದರೆ ಮರಿ ಮಾಡುವ ಕಾಲ ಬಂದಿತೆಂದು ಅದರ ಮೈಗೆ ಸೂಚನೆ ಸಿಗುತ್ತದೆ. ಸಾಕುಕೋಳಿಯ ಮೈ ಈ ಮಾತನ್ನು ಇಂದಿಗೂ ಮರೆತಿಲ್ಲ. ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೆ. ಆದರೂ ಡಿಸೆಂಬರಿನ ಕೊನೆಯ ವಾರದಿಂದ ಹಗಲು ಹಿಗ್ಗತೊಡಗಿದಾಗ ಚಳಿಯಲ್ಲಿ ತಡೆದು ನಿಂತಿದ್ದ ಹೇಂಟೆಗಳಿಗೆ ಅದು ಒಂದು ಕರೆಯಂತಾಗುತ್ತದೆ. ಸಂಕ್ರಾಂತಿ ಕಳೆಯಲಿ ಎಂದು ಅವ್ವ ಅಂದದ್ದರ ಅರ್ಥ ನನಗಾದದ್ದು ಅರವತ್ತು ದಾಟಿದ ಮೇಲೆ. ಮೊಟ್ಟೆ ಇಡುತ್ತಿರುವ ಬಲಿತ ಕೋಳಿಗೆ ಸಂಜೆ ಒಂದೆರಡು ಗಂಟೆ ದೀಪ ಹಾಕುವುದರಲ್ಲಿ ತಪ್ಪಿಲ್ಲ. ಬೆಳೆಯುತ್ತಿರುವ ಹೇಂಟೆಗೆ ಮಾತ್ರ ಸೂರ್ಯನ ಬೆಳಕೇ ಸಾಕು. ಅಜ್ಜಿಯ ಕೋಳಿ ಕೂಗಿದ್ದರಿಂದ ಊರಿಗೆ ಬೆಳಗಾಯಿತೆಂಬ ಕಥೆಯನ್ನು ನಾವೆಲ್ಲ ಕೇಳಿ ನಕ್ಕಿದ್ದೇವೆ. ದೀಪ ಹಚ್ಚಿ ಕೋಳಿಗೆ ಬೆಳಗು ಮಾಡಲು ಹೊರಟ ನಾನು ಆ ಅಜ್ಜಿಗಿಂತ ಬುದ್ಧಿವಂತನೇನೂ ಅಲ್ಲ.

ಹೇಂಟೆ ಮೊಟ್ಟೆಗೆ ಹತ್ತಿರವಾಯಿತೆಂದು ತಿಳಿಯುವುದು ಹೇಗೆ? ಅದೇ ಹೇಳುತ್ತದೆ, ನೋಡುವ ಕಣ್ಣು ಬೇಕು. ಮಂಕಾಗಿದ್ದ ಜುಟ್ಟು, ಗಲ್ಲದ ಕೆಳಗಿನ ಜೋಲು ದಿನದಿನಕ್ಕೆ ದಾಸವಾಳದಂತೆ ಕೆಂಪೇರುತ್ತವೆ. ಗರಿಗೆ ಹೊಳಪು ಬರುತ್ತದೆ. ಹಿಡಿಯಹೋದರೆ ಓಡುತ್ತಿದ್ದ ಹೇಂಟೆ ಈಗ ಬೆನ್ನಿನ ಮೇಲೆ ಕೈಯಿಟ್ಟರೆ ರೆಕ್ಕೆ ಅರೆಬಿಚ್ಚಿ ನೆಲಕ್ಕೆ ಕುಗ್ಗುತ್ತದೆ. ಮೂಲೆಮೂಲೆಗಳಲ್ಲಿ ಇಣಿಕಿ, ಹುಲ್ಲುಕಡ್ಡಿಯನ್ನು ಬೆನ್ನಮೇಲೆ ಎಸೆದುಕೊಂಡು, ಗೊಣಗುತ್ತ ತಿರುಗುತ್ತದೆ. ಬಾಲದ ಕೆಳಗೆ ಎರಡು ಸಣ್ಣ ಎಲುಬುಗಳ ತುದಿ ಕೈಗೆ ಸಿಗುತ್ತದೆ. ಮೊಟ್ಟೆಗೆ ಬಾರದ ಹೇಂಟೆಯಲ್ಲಿ ಅವುಗಳ ನಡುವೆ ಒಂದು ಬೆರಳು ಹಿಡಿಯುವುದೂ ಕಷ್ಟ. ಮೊಟ್ಟೆಗೆ ಬಂದದ್ದರಲ್ಲಿ ಎರಡು ಮೂರು ಬೆರಳು ಸರಾಗವಾಗಿ ಹಿಡಿಯುತ್ತವೆ. ಅವ್ವ ಬೆರಳಿಟ್ಟು ನೋಡುತ್ತಿದ್ದುದು ಇದನ್ನೇ.

ಹಳದಿ ಕಾಲಿನ ಹೇಂಟೆಗಳಾದರೆ ಇನ್ನೊಂದು ಸೊಗಸಾದ ಸಂಗತಿಯುಂಟು. ಮೊಟ್ಟೆಗೆ ಮುಂಚೆ ಕಾಲು ಅರಿಶಿನ ಹಚ್ಚಿದಂತೆ ಹೊಳೆಯುತ್ತದೆ. ಮೊಟ್ಟೆ ಇಡುತ್ತ ಇಡುತ್ತ ಆ ಹಳದಿ ಮಾಸುತ್ತದೆ. ಮೈಗೆ ಸೇರಬೇಕಾದ ಬಣ್ಣ ಭಂಡಾರಕ್ಕೆ, ಅಂದರೆ ಮೊಟ್ಟೆಯ ಹಳದಿಗೆ, ಹೋಗುತ್ತದೆ. ಸಾಕುಕೋಳಿಯ ಮುಖ್ಯ ಪೂರ್ವಿಕ ಕೆಂಪು ಕಾಡುಕೋಳಿಯಾದರೂ ಈ ಹಳದಿ ಕಾಲಿನ ಗುಣ ಮಾತ್ರ ನಮ್ಮ ಸಹ್ಯಾದ್ರಿಯಲ್ಲಿಯೂ ವಾಸಿಸುವ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ದೂರ ದೇಶದ ಹಳದಿ ಕಾಲಿನ ಕೋಳಿಯಲ್ಲಿಯೂ ದಕ್ಷಿಣದ ಕಾಡಿನ ಒಂದು ಋಣ ಉಳಿದುಬಂದಿದೆಯೆಂಬುದು ಸಂತೋಷದ ಮಾತಲ್ಲವೆ?

ಈ ಕಾಲದಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳು ಕೆಲವಿವೆ. ಮೊದಲನೆಯದು ಲಸಿಕೆ. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದು ಹೆಸರಾದ ರಾಣಿಖೇತ್ ರೋಗ ಬಂದರೆ ಕೇರಿಯ ಕೋಳಿಗಳೆಲ್ಲ ವಾರದಲ್ಲಿ ಬರಿದಾಗುತ್ತವೆ. ಹಿಮಾಲಯದ ಕುಮಾವೂಂ ಸೀಮೆಯ ರಾಣಿಖೇತ್ ಎಂಬ ಸುಂದರವಾದ ಊರಿಗೆ ಇಂಥ ಕೀರ್ತಿ ಬಂದುದು ದೈವಯೋಗ; 1927ರಲ್ಲಿ ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಅಲ್ಲಿ. ಮರಿಯಾಗಿದ್ದಾಗ ಕಣ್ಣಿಗೆ ಹನಿ ಹಾಕಿಸಿ, ಎಂಟನೆಯ ವಾರದ ಮೇಲೆ ಚುಚ್ಚುಮದ್ದು ಹಾಕಿಸುವುದು ವಾಡಿಕೆ. ಮೊಟ್ಟೆಗೆ ಬರುವ ಮುನ್ನ, ಹದಿನಾರರಿಂದ ಹದಿನೆಂಟನೆಯ ವಾರದ ಸುಮಾರಿಗೆ, ಇನ್ನೊಮ್ಮೆ ಹಾಕಿಸುವುದನ್ನು ಅನೇಕರು ಮರೆಯುತ್ತಾರೆ. ಜಂತುಹುಳುವಿನ ಔಷಧವೂ ಆ ಮುಂಚೆಯೇ ಆಗಬೇಕು. ಪಶುವೈದ್ಯರನ್ನು ಕೇಳಿ ಇವನ್ನು ಮಾಡಿಸಿರಿ. ಮೊಟ್ಟೆ ಆರಂಭವಾದ ಮೇಲೆ ಹಿಡಿದು ಚುಚ್ಚಿ ಗಾಬರಿಪಡಿಸುವುದು ಒಳ್ಳೆಯದಲ್ಲ.

ಎರಡನೆಯದು ಮೊಟ್ಟೆಯ ತಾವು. ಒಂದಡಿ ಉದ್ದಗಲದ ಪೆಟ್ಟಿಗೆ ಅಥವಾ ಹಳೆಯ ಮಂಕರಿ ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಇರಲಿ. ಮಬ್ಬುಗತ್ತಲೆಯ ಮೂಲೆಯಲ್ಲಿ, ಮೆತ್ತನೆಯ ಹುಲ್ಲಿನೊಡನೆ, ಮೊದಲ ಮೊಟ್ಟೆಗೆ ಎರಡು ಮೂರು ವಾರ ಮುಂಚೆಯೇ ಅದನ್ನಿಡಬೇಕು. ಕೋಳಿ ಕೂತು ನಿದ್ರಿಸುವ ಅಡ್ಡಗಳು ಇದಕ್ಕಿಂತ ಎತ್ತರದಲ್ಲಿರಬೇಕು. ಎತ್ತರದ ಜಾಗದಲ್ಲಿ ಮಲಗುವುದು ಕೋಳಿಯ ಸ್ವಭಾವ. ಪೆಟ್ಟಿಗೆಯೇ ಎತ್ತರವಾದರೆ ಅಲ್ಲಿಯೇ ಮಲಗಿ ಹೊಲಸು ಮಾಡುತ್ತದೆ. ಅವ್ವ ಮಂಕರಿಯಲ್ಲಿ ಒಂದು ಮೊಟ್ಟೆಯನ್ನು ಬಿಟ್ಟೇ ಉಳಿದವನ್ನು ತೆಗೆಯುತ್ತಿದ್ದಳು. ಅದನ್ನು ನೋಡಿ ಎಳೆಯ ಹೇಂಟೆಗಳು ಇದೇ ತಾವೆಂದು ಕಲಿಯುತ್ತಿದ್ದವು. ನಾನು ಮರದ ಮೊಟ್ಟೆಯೊಂದನ್ನು ಕಡೆಸಿ ಇಟ್ಟಿದ್ದೇನೆ. ಜೊತೆಗೆ ಒಂದು ಮೂಲೆಯಲ್ಲಿ ಒಣಮಣ್ಣು, ಸ್ವಲ್ಪ ಬೂದಿ. ಅದರಲ್ಲಿ ಹೊರಳಿ ಕೋಳಿಗಳು ಹೇನು ಕಳೆದುಕೊಳ್ಳುತ್ತವೆ.

ಮೂರನೆಯದು ಸಹವಾಸ. ಹೊಸ ಹೇಂಟೆಗಳನ್ನು ಹಳೆಯ ಕೋಳಿಗಳೊಡನೆ ಸೇರಿಸಬೇಕಾದಾಗ ಎಚ್ಚರವಿರಲಿ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕಟ್ಟುನಿಟ್ಟಾದ ಶ್ರೇಣಿಯುಂಟು. ನಾರ್ವೆ ದೇಶದ ಷೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸ ಬಾಲ್ಯದಿಂದ ಕೋಳಿಗಳನ್ನು ನೋಡಿ ನೋಡಿ ಇದನ್ನು ಗುರುತಿಸಿ 1921ರಲ್ಲಿ ಪ್ರಕಟಿಸಿದ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಬಹುಕಾಲ ಕುಳಿತವನಿಗೆ ಈ ಸಂಶೋಧನೆ ಅಷ್ಟೇನೂ ಹೊಸದೆನಿಸಲಿಲ್ಲ. ಹೊಸಬರನ್ನು ಒಂದು ವಾರ ಜಾಲರಿಯ ಆಚೆಗಿಟ್ಟು ಮುಖಪರಿಚಯವಾದ ಮೇಲೆ, ಒಂದನ್ನೇ ಅಲ್ಲದೆ ಎರಡು ಮೂರನ್ನು ಒಟ್ಟಿಗೆ, ಸಂಜೆಗತ್ತಲೆಯಲ್ಲಿ ಸೇರಿಸುವುದು ಮೇಲು. ತಿಂಡಿ ನೀರಿನ ಬೋಗುಣಿಗಳು ಎರಡೆರಡು ಕಡೆ ಇದ್ದರೆ ಹೆದರಿದ ಹೇಂಟೆಯೂ ಹಸಿದಿರುವುದಿಲ್ಲ. ಮೊಟ್ಟೆಗೆ ಬರುವ ತಿಂಗಳಲ್ಲಂತೂ ಈ ಜಗಳಗಳು ಆದಷ್ಟು ಕಡಿಮೆಯಿರಬೇಕು.

ಕಡೆಗೆ ಮೊದಲ ಮೊಟ್ಟೆ. ಅದು ಚಿಕ್ಕದಾಗಿಯೇ ಇರುತ್ತದೆ. ಒಮ್ಮೆ ಚಿಪ್ಪಿಲ್ಲದೆ ತೊಗಲುಚೀಲದಂತಿರಬಹುದು. ಒಮ್ಮೆ ಎರಡು ಭಂಡಾರಗಳಿರಬಹುದು. ಚಿಪ್ಪಿನ ಮೇಲೆ ರಕ್ತದ ಗೆರೆ ಕಾಣಬಹುದು. ಹೊಸ ಕುಲುಮೆಯ ಮೊದಲ ಕುಡುಗೋಲು ಸೊಟ್ಟಗಿರುವಂತೆ ಎಂದುಕೊಳ್ಳಿರಿ; ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಈ ಮೊದಮೊದಲ ಮೊಟ್ಟೆಗಳನ್ನು ಕಾವಿಗೆ ಇಡಬಾರದು. ಮರಿ ಸರಿಯಾಗಿ ಆಗುವುದಿಲ್ಲ. ಮೊಟ್ಟೆ ಪ್ರತಿದಿನ ಸಿಗಲಿಲ್ಲವೆಂದು ಗೊಣಗಲೂ ಬಾರದು. ಇಪ್ಪತ್ತೈದು ಗಂಟೆಗಳ ಕೆಲಸ ಇಪ್ಪತ್ತನಾಲ್ಕು ಗಂಟೆಗಳ ದಿನಕ್ಕೆ ಹೊಂದುವುದಿಲ್ಲ. ಇಂದು ಎಂಟಕ್ಕೆ ಇಟ್ಟದ್ದು ನಾಳೆ ಒಂಬತ್ತಕ್ಕೆ ಇಡುತ್ತದೆ. ಹೀಗೆ ಜಾರುತ್ತ ಜಾರುತ್ತ ಒಂದು ದಿನ ಬಿಟ್ಟುಬಿಡುತ್ತದೆ. ಅದು ಸೋಮಾರಿತನವಲ್ಲ, ಗಣಿತ.

ಆ ಹೇಂಟೆ ಸತ್ತ ದಿನವೇ ದೀಪವನ್ನು ತೆಗೆದುಹಾಕಿದೆ. ಉಳಿದ ಏಳರಲ್ಲಿ ಇನ್ನೊಂದು ಹಾಗೆಯೇ ಹೋಯಿತು, ಆರು ಉಳಿದವು. ಮರುವರ್ಷ ಮತ್ತೆ ಆರು ಮರಿಗಳನ್ನು ತಂದೆ. ಈ ಸಲ ಏನನ್ನೂ ಅವಸರಪಡಿಸಲಿಲ್ಲ. ಐದು ತಿಂಗಳಾಯಿತು, ಐದೂವರೆಯಾಯಿತು. “ಏನ್ರೀ, ಈ ಸಲದವು ಮೊಟ್ಟೆಯನ್ನೇ ಇಡುವುದಿಲ್ಲವೇನೋ” ಎಂದು ಮನೆಯಾಕೆ ಕೆಣಕಿದಳು. ಪ್ರತಿದಿನ ಬೆಳಿಗ್ಗೆ ಖಾಲಿ ಮಂಕರಿಯಲ್ಲಿ ಮರದ ಮೊಟ್ಟೆಯೊಂದನ್ನೇ ನೋಡಿ ಹಿಂದಿರುಗುತ್ತಿದ್ದೆ. ಆರು ತಿಂಗಳಿಗೆ ಎರಡು ದಿನ ಉಳಿದಿರುವಾಗ ಹಿತ್ತಿಲಿನಿಂದ ಕೊಕ್ಕೊಕ್ಕೋ ಎಂಬ ದೊಡ್ಡ ಗದ್ದಲ ಕೇಳಿಸಿತು. ಓಡಿಹೋಗಿ ನೋಡಿದೆ. ಮರದ ಮೊಟ್ಟೆಯ ಪಕ್ಕದಲ್ಲಿ ಕಂದುಬಣ್ಣದ ಇನ್ನೊಂದು ಮೊಟ್ಟೆ ಇತ್ತು, ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು. ಆ ಸಲದ ಆರೂ ಇಂದಿಗೂ ನನ್ನ ಹಿತ್ತಿಲಿನಲ್ಲಿವೆ.

ಅವ್ವ ಈಗ ಇಲ್ಲ. ಐದು ಹೇಂಟೆಗಳನ್ನು ಮಾರದೆ ಸಾಲ ಮಾಡಿದ ದಿನ ಅವಳ ಮೇಲೆ ನಾನು ಮುನಿಸಿಕೊಂಡಿದ್ದೆ. ಅವಳು ಮಾಡಿದ ಲೆಕ್ಕವೇ ಸರಿಯೆಂದು ಅವಳಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ. ಅದನ್ನು ಅರಿಯುವಷ್ಟು ಕೋಳಿಜ್ಞಾನ ಆಗ ನನಗಿರಲಿಲ್ಲ. ಹಿತ್ತಿಲಿನಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕಿರುವ ತಾಯಂದಿರು ಈ ಮಾತುಗಳನ್ನು ಕೇಳುತ್ತಿದ್ದರೆ ಅವರಿಗೆ ಹೊಸದಾಗಿ ಹೇಳುವುದು ನನ್ನಲ್ಲಿ ಹೆಚ್ಚೇನೂ ಇಲ್ಲ. ಮನೆಯ ಉಳಿದವರಿಗೆ ಮಾತ್ರ ಒಂದು ಬಿನ್ನಹ. ಮೊಟ್ಟೆಗೆ ಮುಂಚಿನ ಆರೆಂಟು ವಾರ ಆ ಹೇಂಟೆಯನ್ನು ಮಾರಬೇಡಿರಿ, ಕೊಯ್ಯಬೇಡಿರಿ, ಅವಸರಪಡಿಸಲೂ ಬೇಡಿರಿ. ಹೊತ್ತಿಗೆ ಸರಿಯಾಗಿ ಕಾಳು, ನೀರು, ನೆರಳು, ಒಂದು ಕತ್ತಲ ಮೂಲೆ, ಇಷ್ಟನ್ನು ಒದಗಿಸಿ ಅದನ್ನು ಸಾಕುತ್ತಿರುವವಳ ಮಾತು ಕೇಳಿರಿ.



(ಬಾನುಲಿ ಭಾಷಣ)